ಯಾವ ನೀರಿನ ಸೊಪ್ಪು

ಒಂಬತ್ತು ವರ್ಷಗಳಿಂದ ಉಮಾವತಿ ಜನರಿಗೆ ಸೊಪ್ಪು ತಿನ್ನಿ ಎಂದು ಹೇಳುತ್ತ ಬಂದಿದ್ದಳು. ಥಾಣೆಯ ಮಹಿಳಾ ಮಂಡಳಗಳಲ್ಲಿ, ಕಲ್ಯಾಣದ ಬಾಲವಾಡಿಗಳಲ್ಲಿ, ಡೊಂಬಿವಲಿಯ ಸೊಸೈಟಿಗಳ ಅರಸಿನ ಕುಂಕುಮದಲ್ಲಿ, ಯಾರು ಕರೆದರೂ ಹೋಗುತ್ತಿದ್ದಳು. ಬಟ್ಟೆಯ ಚೀಲದಿಂದ ಚಾರ್ಟುಗಳ ಸುರುಳಿ ತೆಗೆದು ಗೋಡೆಗೆ ತೂಗುಹಾಕುತ್ತಿದ್ದಳು. ಒಂದರಲ್ಲಿ ಕಾಳು, ಒಂದರಲ್ಲಿ ಹಾಲು ಮೊಟ್ಟೆ, ಇನ್ನೊಂದರಲ್ಲಿ ಪಾಲಕ್, ಮೆಂತೆ, ಹರಿವೆ. ಪಾಲಕಿನ ಚಿತ್ರದ ಹಸಿರು ಒಂಬತ್ತು ವರ್ಷದಲ್ಲಿ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಂಗಸರು ತಲೆಯಾಡಿಸಿ ಕೇಳುತ್ತಿದ್ದರು, ಕೊನೆಗೆ ಚಪ್ಪಾಳೆ ತಟ್ಟಿ, ಕೊಟ್ಟ ಸ್ಟೀಲ್ ಬಟ್ಟಲು ತೆಗೆದುಕೊಂಡು, ದಾರಿಯಲ್ಲಿ ಮಕ್ಕಳಿಗೆ ವಡಾಪಾವ್ ಕೊಡಿಸಿ ಮನೆಗೆ ಹೋಗುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಅದೇ ವಡಾಪಾವ್ ಗಾಡಿಯ ಎದುರು ಬಸ್ಸಿಗೆ ಕಾಯುತ್ತ ಅವಳೇ ನಿಂತಿರುತ್ತಿದ್ದಳು.

ಈ ಕೆಲಸ ಅವಳಿಗೆ ಅಂಟಿಸಿದ್ದು ಪುಂಡರೀಕಾಕ್ಷ ಮಾಸ್ತರರು. ಥಾಣೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಉಡುಪಿ ಕಡೆಯವರು. ಆರೆಂಟು ಜನರನ್ನು ಸೇರಿಸಿ ಅನ್ನ ಆರೋಗ್ಯ ಮಂಡಳಿ ಎಂದು ಒಂದು ಸಂಸ್ಥೆ ಕಟ್ಟಿದ್ದರು. ಆರೆಂಟು ಜನರಲ್ಲಿ ಉಳಿದವಳು ಉಮಾವತಿ ಒಬ್ಬಳೇ. ಐವತ್ತೆರಡು ವಯಸ್ಸು, ಎಡ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಮೆಟ್ಟಿಲಿಗೊಂದು ಸಲ ನಿಲ್ಲುತ್ತಿದ್ದಳು.

ಅವಳ ಗಂಡ ಗುಣಪಾಲ ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರು. ಸಂಜೆ ಹೆಂಡತಿ ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟು ಕೂತಿರುವುದನ್ನು ಕಂಡಾಗಲೆಲ್ಲ ತುಳುವಿನಲ್ಲಿ ಅದೊಂದೇ ಪ್ರಶ್ನೆ ಕೇಳುತ್ತಿದ್ದ.

"ಬಚ್ಚೆಲ್ ಆಪುಜ್ಜಾ ನಿಕ್ಕ್?"

ದಣಿವಾಗುವುದಿಲ್ಲವೇ ನಿನಗೆ ಎಂದರೆ ಏನು ಹೇಳುವುದು. ಆಗುತ್ತದೆ ಎನ್ನುತ್ತಿದ್ದಳು. ಹಾಗಿದ್ದರೆ ಯಾಕೆ ಹೋಗುವುದು ಎಂದು ಅವನು ಮುಂದುವರಿಸಿದರೆ ಬಕೆಟಿಗೆ ಇನ್ನಷ್ಟು ಬಿಸಿನೀರು ಸುರಿದುಕೊಳ್ಳುತ್ತಿದ್ದಳು.

ತೊಂಬತ್ತನಾಲ್ಕನೇ ಇಸವಿಯ ಜನವರಿಯ ಒಂದು ಸಂಜೆ, ಥಾಣೆಯಿಂದ ಬರುತ್ತಿದ್ದ ಲೋಕಲ್ ಗಾಡಿ ಡೊಂಬಿವಲಿ ತಲುಪುವ ಸ್ವಲ್ಪ ಮೊದಲು ಸಿಗ್ನಲ್ ಸಿಗದೆ ನಿಂತಿತು. ಲೇಡೀಸ್ ಡಬ್ಬಿಯ ಕಿಟಕಿಯ ಪಕ್ಕ ಉಮಾವತಿ ಕೂತಿದ್ದಳು. ಎದುರಿಗೆ ಅವಳದೇ ಬಿಲ್ಡಿಂಗಿನ ರಮಾಮಣಿ, ಮೈಸೂರು ಕಡೆಯವಳು, ಆಫೀಸಿನಿಂದ ಬರುವ ಎಲ್ಲ ಹೆಂಗಸರಂತೆ ಮಡಿಲಲ್ಲಿ ಪೇಪರು ಹರಡಿಕೊಂಡು ಪಾಲಕ್ ಸೋಸುತ್ತಿದ್ದಳು. ಹೊರಗೆ, ಹಳಿಗೂ ಗೋಡೆಗೂ ನಡುವಿನ ಉದ್ದನೆಯ ಪಟ್ಟಿಯಲ್ಲಿ ಸೊಪ್ಪಿನ ಮಡಿಗಳು. ಕಣ್ಣು ತಂಪಾಗುವಂಥ ಹಸಿರು. ಒಬ್ಬ ಗಂಡಸು ಎರಡು ಎಣ್ಣೆ ಡಬ್ಬಗಳನ್ನು ಅಡ್ಡೆಗೆ ಕಟ್ಟಿ ಹೆಗಲ ಮೇಲಿಟ್ಟು ಗಟಾರಕ್ಕೆ ಇಳಿದ. ಡಬ್ಬ ಮುಳುಗಿಸಿ ಎತ್ತಿದ. ಟಾರಿನಂತೆ ಕಪ್ಪಗಿದ್ದ ನೀರನ್ನು ಎಲೆಗಳ ಮೇಲೆ ಚೆಲ್ಲುತ್ತ ನಡೆದ. ಅವನ ಹಿಂದೆ ಒಬ್ಬ ಹೆಂಗಸು ಕುಕ್ಕುರುಗಾಲಲ್ಲಿ ಕೂತು ಸೊಪ್ಪು ಕೊಯ್ದು ಕಟ್ಟು ಕಟ್ಟಿ, ಅದೇ ನೀರಿನಲ್ಲಿ ಅದ್ದಿ ಮಣ್ಣು ತೊಳೆಯುತ್ತಿದ್ದಳು.

ಈ ಮಡಿಗಳನ್ನು ಒಂಬತ್ತು ವರ್ಷವೂ ಅವಳು ಕಂಡಿದ್ದಳು. ನೋಡಿದ್ದು ಅಂದೇ.

ರಮಾಮಣಿಯ ಕೈ ನಿಂತಿತು. "ಇದೇನಾ ನಾವು ತಿನ್ನೋದು?" ಎಂದಳು ಮೆಲ್ಲಗೆ. ಆಮೇಲೆ, "ವಾರಕ್ಕೆ ಮೂರು ಸಲ ತಿನ್ನಿ ಅಂತ ನೀವೇ ಅಲ್ವಾ ಹೇಳಿದ್ದು" ಎಂದಳು.

ಮರುದಿನ ಲಿಫ್ಟಿನ ಹತ್ತಿರ ಸಿಕ್ಕಾಗ ಉಮಾವತಿ ಕೇಳಿದಳು, ಆ ಸೊಪ್ಪು ಏನು ಮಾಡಿದಿರಿ ಎಂದು. "ಮಾಡಿದೆ ಕಣ್ರೀ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಉಪ್ಪು ಹಾಕಿ ನಾಲ್ಕು ನೀರಲ್ಲಿ ತೊಳೆದೆ" ಎಂದಳು ರಮಾಮಣಿ.

ಉಮಾವತಿ ಮಾರ್ಕೆಟಿನಿಂದ ಐದು ಕಡೆಯ ಪಾಲಕ್ ತಂದು ಮಾಸ್ತರರಿಗೆ ಕೊಟ್ಟಳು. ಅವರು ತಮ್ಮ ಹಳೆಯ ಶಿಷ್ಯರ ಮೂಲಕ ಪರೀಕ್ಷೆ ಮಾಡಿಸಿದರು. ಮೂರರಲ್ಲಿ ಸೀಸ ಇತ್ತು, ಇರಬಾರದಷ್ಟು. ಎಷ್ಟು ತೊಳೆದರೂ ಹೋಗದು, ಅದು ಬೇರಿನಿಂದ ಎಲೆಗೆ ಏರಿದ್ದು ಎಂದರು ಮಾಸ್ತರರು. ಮುಂದಿನ ಭಾನುವಾರ ಡೊಂಬಿವಲಿಯ ಒಂದು ಸಭೆಯಲ್ಲಿ ಉಮಾವತಿ ಚಾರ್ಟು ತೂಗುಹಾಕಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮರಾಠಿ ಪತ್ರಿಕೆಯೊಂದರ ಮೂಲೆಯಲ್ಲಿ ಸುದ್ದಿ ಬಂತು, ಆಮೇಲೆ ಮೊದಲ ಪುಟಕ್ಕೇ ಬಂತು. ಹೆಂಗಸರು ಸ್ಟೇಷನ್ ಸೇತುವೆಯ ಕೆಳಗೆ ಫಲಕ ಹಿಡಿದು ನಿಂತರು. ಎರಡೇ ವಾರದಲ್ಲಿ ಡೊಂಬಿವಲಿಯ ಬುಟ್ಟಿಗಳಲ್ಲಿ ಪಾಲಕ್ ಬಾಡತೊಡಗಿತು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಊರು ಅವಳ ಮಾತು ಕೇಳಿತ್ತು. ಸಂತೋಷವಾಗಬೇಕಿತ್ತು. ತಿನ್ನಿ ಎಂದಾಗ ಕೇಳದವರು ತಿನ್ನಬೇಡಿ ಎಂದಾಗ ಕೇಳಿದರಲ್ಲ ಎಂದು ಒಳಗೆ ಏನೋ ಕುಟುಕುತ್ತಿತ್ತು.

ಅಂಥದೇ ಇನ್ನೊಂದು ಸಭೆ ಮುಗಿದ ಮೇಲೆ, ಕುರ್ಚಿಗಳನ್ನು ಮಡಚುವ ಹೊತ್ತಿಗೆ, ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು. ಇಳಕಲ್ ಸೀರೆಯ ಸೆರಗು ತಲೆ ಮೇಲೆ, ಸೊಂಟದಲ್ಲಿ ಖಾಲಿ ಬುಟ್ಟಿ, ಬೆರಳ ಸಂದಿಗಳಲ್ಲಿ ಹೋಗದ ಕಪ್ಪು.

"ಅಕ್ಕಾರ, ನೀವು ಕನ್ನಡದವ್ರಂತಲ್ರಿ" ಎಂದಳು.

"ಹೌದು. ನೀವು ಯಾರು?"

"ಮರಗಮ್ಮ ಅಂತ್ರಿ. ಸಿಂದಗಿ ಕಡಿಯಾಕಿ. ನಮ್ಮ ಪಾಲಕ್ ಬ್ಯಾಡಂದವ್ರು ಯಾರು ಅಂತ ನೋಡಿ ಹೋಗೂಣಂತ ಬಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉಮಾವತಿಗೆ ಸುಲಭವಾಗುತ್ತಿತ್ತು, ಸಿಟ್ಟಿಗೆ ಕೊಡುವ ಉತ್ತರಗಳು ಅವಳ ಬಳಿ ತಯಾರಿದ್ದವು. ಮರಗಮ್ಮನ ಮುಖದಲ್ಲಿ ಇದ್ದದ್ದು ಬರೀ ದಣಿವು, ಉಮಾವತಿಯ ದಣಿವಿನಂಥದೇ.

"ನಾನು ಹೇಳಿದ್ದು ಸುಳ್ಳಲ್ಲ ಮಾರಾಯ್ತಿ" ಎಂದಳು ಉಮಾವತಿ.

"ಸುಳ್ಳಂತ ಯಾರಂದ್ರು? ನೀವು ಒಮ್ಮೆ ಬಂದು ನೋಡ್ರಿ. ಗಾಡಿಯಾಗ ಕುಂತು ನೋಡೀರಿ, ಇಳದು ನೋಡಿಲ್ಲ."

ಮರುದಿನ ಉಮಾವತಿ ಹೋದಳು. ಗೋಡೆಯ ಒಡಕಿನಿಂದ ಒಳಗೆ ನುಸುಳಬೇಕಿತ್ತು. ಮರಗಮ್ಮ ಕೈ ಹಿಡಿದು ಇಳಿಸಿದಳು. ಗಾಡಿ ಹಾದಾಗಲೆಲ್ಲ ನೆಲ ನಡುಗುತ್ತಿತ್ತು, ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು. ಕಿಟಕಿಯಿಂದ ಕಂಡಿದ್ದ ಗಂಡಸು ಅವಳ ಗಂಡ ಜಟ್ಟೆಪ್ಪ. ಬೇಲಾಪುರದಲ್ಲಿ ದೊಡ್ಡ ದೊಡ್ಡ ಆಫೀಸುಗಳು ಏಳುವಾಗ ಇಬ್ಬರೂ ಅಲ್ಲಿ ಸಿಮೆಂಟು ಹೊತ್ತಿದ್ದರಂತೆ. ಆ ಕೆಲಸ ಮುಗಿದ ಮೇಲೆ, ಈ ಪಟ್ಟಿಯನ್ನು ಬೆಳೆಗೆಂದು ರೈಲ್ವೆಯಿಂದ ಪಡೆದಿದ್ದ, ಹಳಿ ರಿಪೇರಿಯ ಒಬ್ಬ ಗ್ಯಾಂಗ್‌ಮನ್ನನ ಕೈಕೆಳಗೆ ಪಾಲಿಗೆ ಮಾಡತೊಡಗಿದ್ದರು. ಕೊಯ್ಯದೆ ಬಿಟ್ಟ ಪಾಲಕ್ ಹೂವಿಗೆ ಬಂದು ನಿಂತಿತ್ತು. ಜಟ್ಟೆಪ್ಪ ಅದನ್ನು ಕಿತ್ತು ಗುಡ್ಡೆ ಹಾಕುತ್ತಿದ್ದ. ಬಂದವಳನ್ನು ನೋಡಿದ, ಕೈ ಮುಗಿದ, ಮತ್ತೆ ಕೀಳತೊಡಗಿದ.

ತಗಡಿನ ಗುಡಿಸಲ ಹಿಂದೆ, ಎರಡು ಮಂಚದಷ್ಟು ಅಗಲದಲ್ಲಿ ಇನ್ನೊಂದು ಮಡಿ ಇತ್ತು. ಅದರಲ್ಲಿ ಪುಂಡಿ ಸೊಪ್ಪು, ಮೆಂತೆ, ನಾಲ್ಕು ಬದನೆ ಗಿಡ. ಪಕ್ಕದಲ್ಲಿ ಮುಚ್ಚಿಟ್ಟ ಕೊಡಗಳು.

"ಇದು?" ಎಂದಳು ಉಮಾವತಿ.

"ಇದು ಮನಿಗ್ರಿ. ಸ್ಟೇಷನ್ನಿನ ನಳದಿಂದ ಹೊತ್ತು ತರತೀನಿ."

"ಹಾಗಾದರೆ ಗೊತ್ತಿತ್ತು ನಿಮಗೆ."

"ಗೊತ್ತಿಲ್ದ ಏನ್ರಿ? ಆ ನೀರು ನಾಯಿ ಸೈತ ಮೂಸಿ ಬಿಟ್ಟು ಹೋಗ್ತಾವ."

"ಗೊತ್ತಿದ್ದೂ ಜನರಿಗೆ ಮಾರಿದ್ರಲ್ಲ ಮರಗಮ್ಮ."

ಕಲ್ಯಾಣದ ಕಡೆಗೆ ಒಂದು ಗಾಡಿ ಹೋಯಿತು. ಅದು ಹೋದ ಮೇಲೆ ಮರಗಮ್ಮ ಗಟಾರದತ್ತ ಕೈ ತೋರಿಸಿದಳು.

"ಆ ನೀರು ಎಲ್ಲಿಂದ ಬರ್ತದ್ರಿ ಅಕ್ಕಾರ? ನಿಮ್ಮ ಬಿಲ್ಡಿಂಗಿಂದ ಬರ್ತದ, ಫ್ಯಾಕ್ಟರಿಯಿಂದ ಬರ್ತದ. ನಾವೇನು ಸಿಂದಗಿಯಿಂದ ಹೊತ್ತು ತಂದೇವೇನು? ನೀವು ನಮಗ ಕೊಟ್ಟದ್ದ ನಾವು ನಿಮಗ ತಿರುಗಿ ಕೊಟ್ಟೀವಿ. ತಪ್ಪಂದ್ರ ತಪ್ಪರಿ. ಖರೇನ ತಪ್ಪು. ಆದ್ರ ತಿನಬ್ಯಾಡ್ರಿ ಅಂತ ಹೇಳಿದ್ರಿ, ಯಾವ ನೀರು ಹಾಕಬೇಕು ಅಂತ ಹೇಳಲಿಲ್ಲ."

ಉಮಾವತಿ ಒಂದು ಕಲ್ಲಿನ ಮೇಲೆ ಕೂತಳು. ಆಗ ಜಟ್ಟೆಪ್ಪ ಮೊದಲ ಸಲ ಬಾಯಿ ಬಿಟ್ಟ.

"ಅಲ್ಲಿ ಒಂದು ಬಾವಿ ಅದರಿ. ಉಗಿಬಂಡಿ ಕಾಲದ್ದು. ಕಸ ತುಂಬ್ಯಾರ. ತೆಗಿಸಿದ್ರ ನೀರು ಸಿಗಬಹುದು. ಕೈ ಹಚ್ಚಿದ್ರ ಬಂದು ಬೈತಾರ, ಹುಕುಂ ಬೇಕಂತ. ನಾವು ಕೇಳಿದ್ರ ಯಾರು ಕೊಡ್ತಾರ?"

ಆ ಹುಕುಮಿಗಾಗಿ ಉಮಾವತಿ ಅಲೆದದ್ದು ಹದಿಮೂರು ತಿಂಗಳು. ಬಾವಿ ಯಾರದು ಎಂಬುದು ಮೊದಲು ತಿಳಿಯಬೇಕಿತ್ತು. ಒಂದು ಕಚೇರಿಯಲ್ಲಿ ಅದು ನಕ್ಷೆಯಲ್ಲೇ ಇಲ್ಲ ಎಂದರು. ಇಲ್ಲದ ಬಾವಿಯನ್ನು ತೆಗೆಸಲು ಅನುಮತಿ ಹೇಗೆ ಕೊಡುವುದು ಎಂದು ಅಲ್ಲಿನ ಗುಮಾಸ್ತ ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ನೊಂದು ಕಚೇರಿಯಲ್ಲಿ ಹಳೆಯ ನಕ್ಷೆ ಸಿಕ್ಕಿತು, ಅದರಲ್ಲಿ ಬಾವಿ ಇತ್ತು, ಆದರೆ ಸಾಹೇಬರು ರಜೆಯಲ್ಲಿದ್ದರು. ನೀರಿನ ಬಗ್ಗೆ ಒಂದು ಕಾಗದ ಬೇಕೆಂದು ಮೂರು ಸಲ ಬೇಲಾಪುರಕ್ಕೆ ಹೋದಳು, ಬಸ್ಸಿನಲ್ಲಿ ಎರಡು ಗಂಟೆ, ಬೆಂಚಿನ ಮೇಲೆ ಮೂರು ಗಂಟೆ. ತನ್ನ ಹಾಗೆ ಕಾಯುತ್ತಿದ್ದವರ ಮುಖಗಳು ಪರಿಚಯವಾದವು, ಆಮೇಲೆ ಅವರ ಮನೆಯ ಕಷ್ಟಗಳೂ ಪರಿಚಯವಾದವು. ಮಾಸ್ತರರು ಮೊದಲು ಜೊತೆಗೆ ಬರುತ್ತಿದ್ದರು. ಬಿಪಿ ಏರಿದ ಮೇಲೆ ಮಗ ಬಿಡಲಿಲ್ಲ.

"ನಮ್ಮದು ತಿಳುವಳಿಕೆ ಕೊಡುವ ಕೆಲಸ ಉಮಾವತಿ. ಬಾವಿ ತೋಡುವುದು ನಮ್ಮದಲ್ಲ" ಎಂದರು ಅವರು ಒಂದು ದಿನ.

"ಹೌದು ಸರ್. ಆದರೆ ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ" ಎಂದಳು ಅವಳು.

ಇತ್ತ ಊರು ಮರೆತುಬಿಟ್ಟಿತು. ಬೇಸಿಗೆ ಕಳೆಯುವ ಹೊತ್ತಿಗೆ ಸೇತುವೆಯ ಕೆಳಗೆ ಪಾಲಕ್ ಮತ್ತೆ ಮಾರಾಟಕ್ಕೆ ಬಂದಿತ್ತು, ಇದು ನಾಸಿಕದ್ದು ಎಂದು ಮಾರುವವರು ಹೇಳುತ್ತಿದ್ದರು, ಕೊಳ್ಳುವವರು ನಂಬುತ್ತಿದ್ದರು. ಫಲಕ ಹಿಡಿದು ನಿಂತಿದ್ದ ಹೆಂಗಸರೇ ಲೇಡೀಸ್ ಡಬ್ಬಿಯಲ್ಲಿ ಮಡಿಲ ತುಂಬ ಸೋಸುತ್ತ ಬರುತ್ತಿದ್ದರು. ಉಮಾವತಿಯನ್ನು ಕಂಡರೆ ಕೆಲವರು ಪೇಪರು ಮುಚ್ಚುತ್ತಿದ್ದರು, ಬರಬರುತ್ತ ಮುಚ್ಚುವುದನ್ನೂ ಬಿಟ್ಟರು. ಮರಗಮ್ಮನೂ ಮತ್ತೆ ಗಟಾರದ ನೀರು ಹೊಯ್ದಳು. ಮುಚ್ಚಿಡಲಿಲ್ಲ.

"ಹೊಟ್ಟಿ ತಡಿಯಂಗಿಲ್ಲಲ್ರಿ. ನಿಮ್ಮ ಕಾಗದ ಬರೂತನಾ ಇದ ನೀರು" ಎಂದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಉಮಾವತಿ ಗಂಡನಿಗೆ ಹೇಳಿದಳು, ಇನ್ನು ಸಾಕು, ಬಿಡುತ್ತೇನೆ ಎಂದು. ಇಷ್ಟು ವರ್ಷ ಅದೇ ಮಾತಿಗೆ ಕಾಯುತ್ತಿದ್ದವನಂತೆ ಗುಣಪಾಲ ಸಮಾಧಾನಪಡಬೇಕಿತ್ತು. ಅವನು ಅನ್ನ ಕಲಸುವುದನ್ನು ನಿಲ್ಲಿಸಿ, "ಬಾವಿಯದ್ದು ಒಂದು ಮುಗಿಸಿ ಬಿಡು. ನಡುವೆ ಬಿಟ್ಟರೆ ನಿನಗೆ ನಿದ್ದೆ ಬರುವುದಿಲ್ಲ, ನನಗೂ ಬರುವುದಿಲ್ಲ" ಎಂದ. ಮರುವಾರ ಅವನೇ ತನ್ನ ಹೋಟೆಲಿಗೆ ದಿನಾ ಊಟಕ್ಕೆ ಬರುವ ಒಬ್ಬ ರೈಲ್ವೆ ಎಂಜಿನಿಯರನ್ನು ಹಿಡಿದು, ಎದುರಿಗೆ ಕೂರಿಸಿಕೊಂಡು ವಿಷಯ ಹೇಳಿದ. ಕಾಗದ ಹಾಗೆ ಬಂತು, ಹದಿಮೂರು ತಿಂಗಳ ಅಲೆದಾಟಕ್ಕೆ ಅಲ್ಲ, ಎರಡು ತಟ್ಟೆ ನೀರುದೋಸೆಯ ನಡುವಿನ ಮಾತಿಗೆ. ಉಮಾವತಿ ಆ ಕಾಗದವನ್ನು ಎರಡು ಸಲ ಓದಿದಳು. ನಗಬೇಕೋ ಅಳಬೇಕೋ ತಿಳಿಯದೆ ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಬಾವಿ ತೆಗೆದದ್ದು ತೊಂಬತ್ತೈದರ ಬೇಸಿಗೆಯಲ್ಲಿ. ಜಟ್ಟೆಪ್ಪ ತನ್ನ ಕಡೆಯ ನಾಲ್ಕು ಜನರನ್ನು ಕರೆತಂದ, ಕಲ್ಯಾಣದ ಗೋದಾಮುಗಳಲ್ಲಿ ಹಮಾಲಿ ಮಾಡುವವರು. ರಜೆಯ ದಿನಗಳಲ್ಲಿ ಬಂದು ಇಳಿದರು. ಪ್ಲಾಸ್ಟಿಕ್, ಒಡೆದ ಇಟ್ಟಿಗೆ, ಒಂದು ಸೈಕಲ್ಲು, ಆಮೇಲೆ ಬರೀ ಕೆಸರು. ಐದನೆಯ ಭಾನುವಾರ ಮಧ್ಯಾಹ್ನ ಕೆಳಗಿನಿಂದ ಜಟ್ಟೆಪ್ಪ ಏನೋ ಕೂಗಿದ, ಗಾಡಿಯ ಸದ್ದಿನಲ್ಲಿ ಕೇಳಲಿಲ್ಲ. ಮೇಲೆ ಬಂದ ಬುಟ್ಟಿಯಿಂದ ತೆಳ್ಳಗೆ ನೀರು ಸೋರುತ್ತಿತ್ತು. ಎರಡು ದಿನ ಬಿಟ್ಟು ತಿಳಿಯಾದ ಮೇಲೆ ಉಮಾವತಿ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಮಾಸ್ತರರಿಗೆ ಕೊಟ್ಟಳು. ಕುಡಿಯಲು ಬೇಡ, ಬೆಳೆಗೆ ತೊಂದರೆಯಿಲ್ಲ ಎಂದು ವರದಿ ಬಂತು. ಆದರೆ ಗಟಾರದ ನೀರಿನಲ್ಲಿ ನೆನೆದ ಮಣ್ಣೇ ಕೆಟ್ಟಿರುತ್ತದೆ, ಹೊಸ ಮಣ್ಣು ಹಾಕಿ ಎಂದೂ ಮಾಸ್ತರರು ಚೀಟಿ ಬರೆದು ಕಳಿಸಿದ್ದರು. ಮಣ್ಣನ್ನು ಮರಗಮ್ಮ ಬುಟ್ಟಿ ಬುಟ್ಟಿಯಾಗಿ ಹೊತ್ತಳು, ಎಲ್ಲೋ ಬಿಲ್ಡಿಂಗಿಗೆ ತಳ ಅಗೆಯುತ್ತಿದ್ದ ಕಡೆಯಿಂದ.

ನೀರು ಇದ್ದದ್ದು ಪಟ್ಟಿಯ ಕಾಲುಭಾಗಕ್ಕೆ ಮಾತ್ರ. ಉಳಿದ ಮುಕ್ಕಾಲು ಭಾಗವನ್ನು ಉಮಾವತಿ ಗಟಾರದ ಅಂಚಿನವರೆಗೂ ನಡೆದು ನೋಡಿದಳು. ಅಷ್ಟಕ್ಕೂ ಗಟಾರವೇ ಗತಿ ಎಂದರೆ ಇಷ್ಟೆಲ್ಲ ಮಾಡಿ ಏನು ಬಂತು? ಆದರೆ ಮರಗಮ್ಮ ಅಷ್ಟರಲ್ಲೇ ಯೋಚಿಸಿಯಾಗಿತ್ತು.

"ಅದಕ್ಕ ಚೆಂಡು ಹೂ ಹಾಕತೀನ್ರಿ. ಕಲ್ಯಾಣದಾಗ ಹೋಗ್ತದ, ಟಿಟ್ವಾಳಾ ಗಣಪತಿಗಿ ಹೋಗ್ತದ."

"ದೇವರಿಗೆ ಗಟಾರದ ನೀರಿನ ಹೂವಾ?"

"ದೇವ್ರು ತಿನ್ನಂಗಿಲ್ರಿ ಅಕ್ಕಾರ" ಎಂದಳು ಮರಗಮ್ಮ.

ಉಮಾವತಿ ಆ ವರ್ಷದಲ್ಲಿ ಮೊದಲ ಸಲ ನಕ್ಕಳು. ಪುಸ್ತಕದಲ್ಲಿ, ಚಾರ್ಟಿನಲ್ಲಿ, ಮಾಸ್ತರರ ತಲೆಯಲ್ಲಿ, ಎಲ್ಲೂ ಇರದಿದ್ದ ಉತ್ತರ ಅದು.

ಬಾವಿ ನೀರಿನಲ್ಲಿ ಪುಂಡಿ, ಮೆಂತೆ, ಹರಿವೆ ಬಂದವು. ಉಮಾವತಿ ತನ್ನ ಬಿಲ್ಡಿಂಗಿನಲ್ಲಿ ಮನೆ ಮನೆಗೆ ಹೋಗಿ ಹೇಳಿದಳು. ಹಳಿ ಪಕ್ಕದ್ದು ಬೇಡವೆಂದು ನೀವೇ ಹೇಳಿ ಈಗ ನೀವೇ ತಗೊಳ್ಳಿ ಅಂತೀರಲ್ಲ ಎಂದರು. ಬಂದು ನೋಡಿ ಎಂದಳು. ಭಾನುವಾರ ಬರುತ್ತೇವೆ ಎಂದವರು ಹನ್ನೊಂದು ಜನ, ಬಂದವರು ಇಬ್ಬರು. ರಮಾಮಣಿ ಬಂದಳು. ಬಾವಿಗೆ ಬಗ್ಗಿ ನೋಡಿದಳು, ಮರಗಮ್ಮನನ್ನು ಅದೂ ಇದೂ ಕೇಳಿದಳು, ಎರಡು ಕಟ್ಟು ಮೆಂತೆ ತೆಗೆದುಕೊಂಡಳು. ವಾರಕ್ಕೊಮ್ಮೆ ಬರುವ ರೂಢಿ ಮಾಡಿಕೊಂಡಳು. ಪುಂಡಿಗೆ ಮಾತ್ರ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ಕಲಬುರಗಿ, ವಿಜಯಪುರದ ಕೂಲಿಯವರು ತಮ್ಮೂರ ಈ ಹುಳಿ ಸೊಪ್ಪು ಸಿಗುತ್ತದೆಂಬ ಸುದ್ದಿ ಕೇಳಿ ಕಲ್ಯಾಣದಿಂದ, ದಿವಾದಿಂದ ಹುಡುಕಿಕೊಂಡು ಬರುತ್ತಿದ್ದರು, ಎಷ್ಟು ಬೆಳೆದರೂ ಸಾಲುತ್ತಿರಲಿಲ್ಲ.

ಅಕ್ಕಪಕ್ಕದ ಪಟ್ಟಿಗಳವರು ಗಟಾರದ ನೀರನ್ನೇ ಹೊಯ್ಯುತ್ತಿದ್ದರು. ಒಬ್ಬ ಮಾತ್ರ ಹೂವಿಗೆ ತಿರುಗಿದ. ಆಗಿದ್ದು ಇಷ್ಟೇ ಎಂದು ಉಮಾವತಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತೊಂಬತ್ತಾರರ ಮಳೆಗಾಲ ಮುಗಿದ ಮೇಲೆ ಕಾಮೋಠೆಯಿಂದ ಕರೆ ಬಂತು. ಅಲ್ಲಿ ಸಾಲುಸಾಲಾಗಿ ಬಿಲ್ಡಿಂಗುಗಳು ಏಳುತ್ತಿದ್ದವು. ಕೆಲಸಕ್ಕೆ ಬಂದ ಹೆಂಗಸರೆಲ್ಲ ಕಲಬುರಗಿ, ರಾಯಚೂರು ಕಡೆಯವರು, ಅವರಿಗೆ ಊಟ ತಿಂಡಿಯ ವಿಷಯ ನಾಲ್ಕು ಮಾತು ಹೇಳಬೇಕಂತೆ. ಉಮಾವತಿ ಚಾರ್ಟಿನ ಚೀಲ ತೆಗೆದುಕೊಳ್ಳದೆ ಹೊರಟಳು, ಜೊತೆಗೆ ಮರಗಮ್ಮನನ್ನು ಕರೆದಳು. ಪನವೇಲಿನವರೆಗೆ ಬಸ್ಸು, ಅಲ್ಲಿಂದ ಟೆಂಪೊ. ಹೋಗಿ ಮುಟ್ಟುವಾಗ ಇಬ್ಬರಿಗೂ ಸೊಂಟ ಹಿಡಿದಿತ್ತು.

ಶೆಡ್ಡುಗಳ ಎದುರು ಮೂವತ್ತು ಹೆಂಗಸರು ನೆಲದ ಮೇಲೆ ಕೂತಿದ್ದರು, ಕೂದಲಲ್ಲಿ ಸಿಮೆಂಟಿನ ಧೂಳು, ಮೊಲೆ ಕುಡಿಯುವ ಮಕ್ಕಳು. ಉಮಾವತಿ ಎದ್ದು ನಿಂತು ಎರಡು ಮಾತು ಹೇಳಿದಳು. ತನ್ನ ಪುಸ್ತಕದ ಕನ್ನಡ ಅವರ ತಲೆಯ ಮೇಲಿಂದ ಹಾದುಹೋಗುವುದು ಅವಳಿಗೇ ಕಾಣಿಸಿತು. "ಮರಗಮ್ಮ, ನೀವೇ ಹೇಳಿ" ಎಂದು ಕುರ್ಚಿಯ ಮೇಲೆ ಕೂತಳು.

ಮರಗಮ್ಮ ಸೆರಗು ಸರಿಮಾಡಿಕೊಂಡಳು.

"ನಾನು ಗಟಾರದ ನೀರಿನಾಗ ಪಾಲಕ್ ಬೆಳದು ಮಾರತಿದ್ದೆ" ಎಂದು ಶುರು ಮಾಡಿದಳು. "ನಾ ತಿಂತಿದ್ದಿಲ್ಲ. ನೀವು ತಿಂದಿರಬಹುದು."

ಅವಳು ಯಾವುದನ್ನೂ ಬಿಡದೆ ಹೇಳಿದಳು, ಗಟಾರ, ಮನೆಯ ಮಡಿ, ಬಾವಿ, ಹೂವು. ಎಲೆ ಬಲು ದೊಡ್ಡದಾಗಿ ಕಪ್ಪುಹಸಿರಾಗಿದ್ದರೆ ಅನುಮಾನಪಡಿ ಎಂದಳು. ಈ ಶೆಡ್ಡುಗಳ ಹಿಂದೆ ಮಳೆ ನೀರಿಗೇ ಎದ್ದಿರುವ ಕಿರಕಸಾಲಿ ಸೊಪ್ಪನ್ನು ಯಾಕೆ ತುಳಿದುಕೊಂಡು ಓಡಾಡುತ್ತೀರಿ, ಊರಲ್ಲಿ ತಿನ್ನುತ್ತಿರಲಿಲ್ಲವೇ ಎಂದು ಕೇಳಿದಳು. ಕೆಲವರು ತಲೆ ತಿರುಗಿಸಿ ಆ ಕಡೆ ನೋಡಿದರು.

ಹಿಂದೆ ಕೂತಿದ್ದ ದ್ರೌಪದಿ ಎಂಬ ಹೆಂಗಸು, ಲಿಂಗಸೂರಿನವಳು, ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡು ಕೇಳಿದಳು. "ಯಾವ ನೀರಂತ ಮಾರಾವ್ರಿಗಿ ಕೇಳಿದ್ರ ಖರೇ ಹೇಳ್ತಾರೇನಬೇ ಯಕ್ಕಾ?"

"ಹೇಳಂಗಿಲ್ಲ" ಎಂದಳು ಮರಗಮ್ಮ. "ನಾನೂ ಹೇಳತಿದ್ದಿಲ್ಲ. ಆದ್ರ ಮೂರು ವರ್ಷ ಕುಂತು ಮಾರಿದೆ, ಒಬ್ರರ ಕೇಳಿದ್ದಿದ್ರ ನನಗ ಆವತ್ತ ನಿದ್ದಿ ಬರತಿದ್ದಿಲ್ಲ. ಯಾರೂ ಕೇಳಲೇ ಇಲ್ಲ."

ಆಮೇಲೆ ಪ್ರಶ್ನೆಗಳು ಬಂದವು, ಒಂದರ ಮೇಲೊಂದು. ಡಬ್ಬದಲ್ಲಿ ಮೆಂತೆ ಬರುತ್ತದೆಯೇ, ಪಾತ್ರೆ ತೊಳೆದ ನೀರು ಹಾಕಬಹುದೇ, ಪುಂಡಿ ಬೀಜ ಎಲ್ಲಿ ಸಿಗುತ್ತದೆ. ಇಷ್ಟು ವರ್ಷ ಸಭೆ ಮಾಡಿದರೂ ಉಮಾವತಿಗೆ ಇಷ್ಟು ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, ಇನ್ನೊಬ್ಬಳು ಮಾತಾಡುವುದನ್ನು ಕೇಳುತ್ತ ಕೂತಿರುವುದು ಎಷ್ಟು ಹಗುರವಾದ ಕೆಲಸ ಎನಿಸಿತು. ಬಿಸಿಲು ಇಳಿಯುತ್ತಿತ್ತು. ಇಬ್ಬರು ಹೆಂಗಸರು ಸಭೆ ಮುಗಿಯುವ ಮೊದಲೇ ಎದ್ದು ಶೆಡ್ಡಿನ ಹಿಂದಕ್ಕೆ ಹೋಗಿ, ಬಗ್ಗಿ ಕಿರಕಸಾಲಿ ಕೀಳತೊಡಗಿದರು.